ಬೈಸಿಕಲ್ಲಿಗೆ ಎಷ್ಟು ಗೇರು ಬೇಕು?

ಜೂನ್ ತಿಂಗಳು ಬಂತೆಂದರೆ ಬೆಂಗಳೂರಿನ ಬೈಸಿಕಲ್ ಅಂಗಡಿಗಳಲ್ಲಿ ಒಂದು ದೃಶ್ಯ ತಪ್ಪದೆ ಕಾಣಸಿಗುತ್ತದೆ. ತಂದೆ, ತಾಯಿ, ಹೊಸದಾಗಿ ಕಾಲೇಜು ಸೇರಿದ ಮಗಳು. ಜೊತೆಗೆ, ಸುಮ್ಮನೆ ನೋಡಿ ಬರೋಣವೆಂದು ಹೊರಟುಬಂದ ತಾತ. ಅಂಗಡಿಯಾತ ಸಾಲಿನಿಂದ ಒಂದು ಸೈಕಲ್ಲನ್ನು ಈಚೆಗೆ ಎಳೆದು, ಅದರ ಹಿಂದಿನ ಚಕ್ರವನ್ನು ಗಿರ್ರನೆ ತಿರುಗಿಸಿ, "ಇಪ್ಪತ್ತೊಂದು ಗೇರು, ಸಾರ್!" ಎನ್ನುತ್ತಾನೆ. ಮಗಳ ಕಣ್ಣು ಅರಳುತ್ತದೆ. ತಂದೆ ಬೆಲೆಯ ಚೀಟಿಯನ್ನು ಹುಡುಕುತ್ತಾರೆ. "ಇಪ್ಪತ್ತೊಂದು ಯಾಕಪ್ಪಾ? ಕಾರಿಗೇ ಐದೋ ಆರೋ ಇರುತ್ತೆ," ಎಂದು ತಾಯಿ ಕೇಳುತ್ತಾರೆ. ತಾತನ ಮಾತೇ ಬೇರೆ: "ಮೂವತ್ತು ವರ್ಷ ಆಫೀಸಿಗೆ ಸೈಕಲ್ಲಿನಲ್ಲೇ ಹೋದೆ. ನನ್ನ ಸೈಕಲ್ಲಿಗೆ ಒಂದು ಗೇರೂ ಇರಲಿಲ್ಲ!"

ಇವರೆಲ್ಲರ ಮಾತಿನಲ್ಲಿಯೂ ಒಂದಿಷ್ಟು ನಿಜವಿದೆ. ಒಂದಿಷ್ಟು ತಪ್ಪೂ ಇದೆ. ಆದರೆ ಆ ಗಳಿಗೆಯಲ್ಲಿ ಆಗುವ ತೀರ್ಮಾನ ಸಣ್ಣದೇನಲ್ಲ. ಮೊದಲ ವಾರ ಉತ್ಸಾಹದಿಂದ ತುಳಿದ ಹುಡುಗಿ, ದಿನವೂ ಹನುಮಂತನಗರದ ಏರಿನಲ್ಲಿ ಇಳಿದು ಸೈಕಲ್ಲನ್ನು ತಳ್ಳಬೇಕಾಗಿ ಬಂದರೆ, ಎರಡನೆಯ ತಿಂಗಳಿಗೆ ಬಸ್ಸಿನ ಪಾಸು ಕೇಳುತ್ತಾಳೆ. ಸಾವಿರಾರು ರೂಪಾಯಿಯ ವಾಹನ ಮಹಡಿಯ ಮೆಟ್ಟಿಲ ಕೆಳಗೆ ಸೇರಿ, ಅದರ ಹ್ಯಾಂಡಲ್ಲಿನ ಮೇಲೆ ಒದ್ದೆಯ ಟವೆಲು ಒಣಗತೊಡಗುತ್ತದೆ. ಛಲ ಬಿಡದೆ ತುಳಿಯುವವರಿಗೋ, ಕೆಲವು ವರ್ಷಗಳಲ್ಲಿ ಮಂಡಿನೋವು ಬಂದು ಸೈಕಲ್ಲಿನ ಸಹವಾಸವೇ ಬೇಡವೆನಿಸಬಹುದು. ಇವೆರಡಕ್ಕೂ ಎಷ್ಟೋ ವೇಳೆ ಕಾರಣ ಒಂದೇ: ದಾರಿಗೂ ಕಾಲಿಗೂ ಹೊಂದದ ಗೇರು.

ಮೊದಲು ತಾತನ ಮಾತನ್ನೇ ತೆಗೆದುಕೊಳ್ಳೋಣ. ಅವರ ಸೈಕಲ್ಲಿಗೆ ಗೇರು ಇರಲಿಲ್ಲವೆಂಬುದು ಸರಿಯಲ್ಲ. ಒಂದು ಗೇರು ಖಂಡಿತವಾಗಿ ಇತ್ತು. ಅದು ಸಾಕಷ್ಟು ಭಾರವಾದ ಗೇರೇ ಆಗಿತ್ತು. ಇದನ್ನು ಅರಿಯಬೇಕಾದರೆ ಬೈಸಿಕಲ್ಲಿನ ಬಾಲ್ಯಕ್ಕೆ ಹೋಗಬೇಕು.

ಆಳೆತ್ತರದ ಚಕ್ರ

1870ರ ದಶಕದಲ್ಲಿ ಇಂಗ್ಲೆಂಡಿನ ಬೀದಿಗಳಲ್ಲಿ ಓಡಾಡುತ್ತಿದ್ದ ಬೈಸಿಕಲ್ಲಿನ ಚಿತ್ರವನ್ನು ಎಲ್ಲರೂ ನೋಡಿಯೇ ಇರುತ್ತಾರೆ. ಮುಂದೆ ಬೃಹತ್ತಾದ ಚಕ್ರ, ಹಿಂದೆ ಪುಟ್ಟ ಚಕ್ರ. ಆ ಕಾಲದ ದೊಡ್ಡ ನಾಣ್ಯ, ಚಿಕ್ಕ ನಾಣ್ಯಗಳನ್ನು ಒಂದರ ಹಿಂದೊಂದು ಇಟ್ಟಂತೆ ಕಾಣುತ್ತಿದ್ದುದರಿಂದ ಅದಕ್ಕೆ ಪೆನ್ನಿ ಫಾರ್ದಿಂಗ್ ಎಂಬ ಹೆಸರು ಅಂಟಿಕೊಂಡಿತು. ಅದಕ್ಕೆ ಚೈನು ಇರಲಿಲ್ಲ. ಪೆಡಲುಗಳು ಮುಂದಿನ ಚಕ್ರದ ಅಚ್ಚಿಗೇ ಜೋಡಿಸಲ್ಪಟ್ಟಿದ್ದುವು. ಕಾಲು ಒಂದು ಸುತ್ತು ಸುತ್ತಿದರೆ ಚಕ್ರವೂ ಒಂದೇ ಸುತ್ತು. ಹೆಚ್ಚು ದೂರ ಹೋಗಬೇಕೆಂದರೆ ಚಕ್ರವನ್ನೇ ದೊಡ್ಡದು ಮಾಡಬೇಕು, ಬೇರೆ ಉಪಾಯವಿಲ್ಲ. ಸವಾರನ ಕಾಲು ಎಷ್ಟು ಉದ್ದವೋ ಅಲ್ಲಿಗೆ ಅದರ ಮಿತಿ. 50ರಿಂದ 56 ಅಂಗುಲದ ಚಕ್ರಗಳು ಸಾಮಾನ್ಯವಾಗಿದ್ದುವು. ಅಷ್ಟು ಎತ್ತರದಲ್ಲಿ ಕುಳಿತವನು ಕಲ್ಲೊಂದು ಎಡವಿದರೆ ತಲೆಕೆಳಗಾಗಿ ಮುಂದಕ್ಕೆ ಬೀಳುತ್ತಿದ್ದನು.

1885ರಲ್ಲಿ ಕವೆಂಟ್ರಿ ನಗರದ ಜಾನ್ ಕೆಂಪ್ ಸ್ಟಾರ್ಲಿ ಎಂಬಾತ ತನ್ನ 'ರೋವರ್' ಬೈಸಿಕಲ್ಲನ್ನು ಹೊರತಂದಾಗ ಈ ತೊಡಕು ಬಗೆಹರಿಯಿತು. ಹೆಚ್ಚುಕಡಮೆ ಸಮನಾದ ಎರಡು ಚಕ್ರಗಳು; ನಡುವೆ ಪೆಡಲು; ಅಲ್ಲಿಂದ ಹಿಂದಿನ ಚಕ್ರಕ್ಕೆ ಚೈನು. ಮುಂದಿನ ಹಲ್ಲುಚಕ್ರ ದೊಡ್ಡದಾಗಿ ಹಿಂದಿನದು ಚಿಕ್ಕದಾಗಿದ್ದರೆ, ಕಾಲಿನ ಒಂದು ಸುತ್ತಿಗೆ ಚಕ್ರ ಎರಡು ಎರಡೂವರೆ ಸುತ್ತು ಸುತ್ತುತ್ತದೆ. ನೆಲಕ್ಕೆ ಹತ್ತಿರದಲ್ಲಿ ಕುಳಿತೇ ದೊಡ್ಡ ಚಕ್ರದ ಓಟ ದೊರೆಯಿತು. ಅಂದಿನಿಂದ ಇಂದಿನವರೆಗೂ ಬೈಸಿಕಲ್ಲಿನ ಮೂಲ ರೂಪ ಅದೇ.

ಆದರೆ ಹಳೆಯ ದೊಡ್ಡ ಚಕ್ರ ಲೆಕ್ಕದ ಪುಸ್ತಕದಲ್ಲಿ ಮಾತ್ರ ಉಳಿದುಕೊಂಡಿತು. ಈ ಸೈಕಲ್ಲು ಎಷ್ಟು ಅಂಗುಲದ ದೊಡ್ಡ ಚಕ್ರಕ್ಕೆ ಸಮಾನ ಎಂದು ಅಳೆಯುವ ರೂಢಿ ಇಂದಿಗೂ ಇದೆ. ಅದೇ ಗೇರಿನ ಅಳತೆ. ಇದನ್ನು ಶಾಲೆಯ ಹುಡುಗನೂ ಲೆಕ್ಕ ಹಾಕಬಲ್ಲನು. ಮುಂದಿನ ಚೈನ್‌ವೀಲಿನ ಹಲ್ಲುಗಳನ್ನು ಹಿಂದಿನ ಫ್ರೀವೀಲಿನ ಹಲ್ಲುಗಳಿಂದ ಭಾಗಿಸಿ, ಬಂದುದನ್ನು ಚಕ್ರದ ವ್ಯಾಸದಿಂದ ಗುಣಿಸಿದರೆ ಆಯಿತು.

ತಾತನ ಕಪ್ಪು ಸೈಕಲ್ಲಿಗೆ 28 ಅಂಗುಲದ ಚಕ್ರ. ಮುಂದೆ 44 ಹಲ್ಲು, ಹಿಂದೆ 18 ಹಲ್ಲು ಎಂದಿಟ್ಟುಕೊಳ್ಳೋಣ. ಲೆಕ್ಕ ಹಾಕಿದರೆ ಬರುವ ಉತ್ತರ ಸುಮಾರು 68 ಅಂಗುಲ. ಅಂದರೆ ಐದು ಅಡಿ ಎಂಟು ಅಂಗುಲ! ಆಳೆತ್ತರದ ಚಕ್ರವೊಂದನ್ನು ನೇರವಾಗಿ ಕಾಲಿನಿಂದ ತಿರುಗಿಸಿದಷ್ಟೇ ಶ್ರಮ ಅದು. ಪೆನ್ನಿ ಫಾರ್ದಿಂಗಿನ ಧೀರರೂ ಅಷ್ಟು ದೊಡ್ಡ ಚಕ್ರವನ್ನು ಏರುತ್ತಿರಲಿಲ್ಲ. ಅದರ ಒಂದು ತುಳಿತದ ಸುತ್ತಿಗೆ ಸೈಕಲ್ಲು ಸುಮಾರು ಐದೂವರೆ ಮೀಟರು ಮುಂದೆ ಹೋಗುತ್ತದೆ.

ಚಕ್ರ ಚಿಕ್ಕದಾದರೆ ಸೈಕಲ್ಲು ನಿಧಾನವೆಂಬ ನಂಬಿಕೆ ಎಷ್ಟು ಹುಸಿಯೆಂಬುದೂ ಇದರಿಂದ ತಿಳಿಯುತ್ತದೆ. 20 ಅಂಗುಲದ ಚಕ್ರಕ್ಕೆ ಮುಂದೆ 48, ಹಿಂದೆ 14 ಹಲ್ಲು ಹಾಕಿದರೆ ಅದೂ 68 ಅಂಗುಲವೇ. ಓಟವನ್ನು ನಿರ್ಣಯಿಸುವುದು ಚಕ್ರವೊಂದೇ ಅಲ್ಲ, ಹಲ್ಲುಗಳು.

ಬಯಲಿನಲ್ಲಿ ಸರಿ, ಏರಿನಲ್ಲಿ?

ಮನುಷ್ಯನೂ ಒಂದು ಯಂತ್ರವೇ. ಆರೋಗ್ಯವಂತನಾದ ಸಾಧಾರಣ ವ್ಯಕ್ತಿ ಏದುಸಿರಿಲ್ಲದೆ ಸಾಕಷ್ಟು ಹೊತ್ತು ಕೊಡಬಲ್ಲ ಶಕ್ತಿ ಸುಮಾರು 100 ವ್ಯಾಟ್. ಹಳೆಯ ಕಾಲದ ಒಂದು ದೊಡ್ಡ ವಿದ್ಯುದ್ದೀಪ ಉರಿಯುವಷ್ಟು. ಈ ಯಂತ್ರಕ್ಕೆ ಒಂದು ಹದವೂ ಇದೆ. ನಿಮಿಷಕ್ಕೆ 60ರಿಂದ 70 ಸುತ್ತು ತುಳಿಯುವುದು ಸಾಮಾನ್ಯ ಸವಾರರಿಗೆ ಹಿತವಾದುದು. ಪಂದ್ಯದ ಸವಾರರು 90 ಸುತ್ತು ತುಳಿಯುವುದುಂಟು. ಅದು ಅಭ್ಯಾಸದಿಂದ ಬರುವ ಮಾತು.

ಸಮತಟ್ಟಾದ ರಸ್ತೆಯಲ್ಲಿ, ಎದುರುಗಾಳಿಯಿಲ್ಲದಾಗ, ಈ 100 ವ್ಯಾಟಿನಿಂದ ನೆಟ್ಟಗೆ ಕುಳಿತ ಸವಾರ ಗಂಟೆಗೆ 18ರಿಂದ 20 ಕಿಲೋಮೀಟರು ಹೋಗಬಲ್ಲನು. 68 ಅಂಗುಲದ ಗೇರಿನಲ್ಲಿ ನಿಮಿಷಕ್ಕೆ 60 ಸುತ್ತು ತುಳಿದರೆ ಬರುವ ವೇಗವೂ ಸರಿಯಾಗಿ ಅಷ್ಟೇ. ಆದುದರಿಂದ ತಾತನ ಸೈಕಲ್ಲನ್ನು ರೂಪಿಸಿದವರು ದಡ್ಡರಲ್ಲ. ಬಯಲುಸೀಮೆಯ ನೇರ ರಸ್ತೆಗೆ ಅದು ಹೇಳಿ ಮಾಡಿಸಿದ ಗೇರು. ಸ್ವಾತಂತ್ರ್ಯ ಬಂದ ಮೇಲೆ ಆಸನ್ಸೋಲ್, ಅಂಬತ್ತೂರು, ಸೋನೆಪತ್, ಲೂಧಿಯಾನಾಗಳ ಕಾರ್ಖಾನೆಗಳಿಂದ ಹೊರಬಂದ ಲಕ್ಷಾಂತರ ಕಪ್ಪು ಸೈಕಲ್ಲುಗಳು ಈ ಒಂಟಿ ಗೇರಿನಲ್ಲಿಯೇ ದೇಶವನ್ನು ಸುತ್ತಿದುವು. ಕೆಡುವ ಭಾಗಗಳು ಕಡಮೆ. ಕೆಟ್ಟರೂ ಬೀದಿಯ ಮೂಲೆಯಲ್ಲಿ ಪಂಪು ಇಟ್ಟುಕೊಂಡು ಕುಳಿತವನೇ ಸರಿಮಾಡಿಕೊಡುತ್ತಿದ್ದನು.

ಏರು ಬಂದಾಗ ಕತೆ ಬೇರೆಯಾಗುತ್ತದೆ. ನೂರು ಅಡಿ ನಡೆದರೆ ಐದು ಅಡಿ ಮೇಲೇರುವ ರಸ್ತೆಯೊಂದನ್ನು ಊಹಿಸಿಕೊಳ್ಳಿ. ನೋಡುವುದಕ್ಕೆ ಅದೇನೂ ಭಯಂಕರವಾದ ಏರಲ್ಲ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿಯೂ ಮಂಗಳೂರಿನ ಅನೇಕ ರಸ್ತೆಗಳಲ್ಲಿಯೂ ಅಂಥದು ದಿನನಿತ್ಯದ ಸಂಗತಿ. ಸವಾರ, ಸೈಕಲ್ಲು ಸೇರಿ 80 ಕಿಲೋ ತೂಕವಾದರೆ, ಅದೇ 100 ವ್ಯಾಟಿನಿಂದ ಇಲ್ಲಿ ಗಂಟೆಗೆ ಸುಮಾರು 8 ಕಿಲೋಮೀಟರು ಮಾತ್ರ ಹೋಗಲು ಸಾಧ್ಯ. 68 ಅಂಗುಲದ ಗೇರಿನಲ್ಲಿ ಆ ವೇಗವೆಂದರೆ ನಿಮಿಷಕ್ಕೆ ಕೇವಲ 24 ಸುತ್ತು! ಬಯಲಿನಲ್ಲಿ ಪೆಡಲಿನ ಮೇಲೆ ಸರಾಸರಿ 9 ಅಥವಾ 10 ಕಿಲೋ ಭಾರ ಹಾಕುತ್ತಿದ್ದ ಕಾಲು ಈಗ 24 ಕಿಲೋ ಭಾರ ಹಾಕಬೇಕು. ಇದು ಸರಾಸರಿಯ ಲೆಕ್ಕ. ಪೆಡಲು ಮುಂದಕ್ಕೆ ಚಾಚಿದಾಗ ಬೀಳುವ ಭಾರ ಇನ್ನೂ ಹೆಚ್ಚು. ಸವಾರ ಸೀಟಿನಿಂದ ಎದ್ದು ನಿಂತು ತುಳಿಯುತ್ತಾನೆ. ಹಾವಿನಂತೆ ಅತ್ತಿತ್ತ ಹರಿದಾಡುತ್ತಾನೆ. ಹಿಂದಿನಿಂದ ಬಸ್ಸು ಹಾರನ್ ಮಾಡುತ್ತದೆ. ಕೊನೆಗೆ ಇಳಿದು ತಳ್ಳುತ್ತಾನೆ.

ಇದೇ ಏರಿನಲ್ಲಿ ಗೇರನ್ನು 28 ಅಂಗುಲಕ್ಕೆ ಇಳಿಸಿದರೆ ಏನಾಗುತ್ತದೆ? ವೇಗ ಅದೇ 8 ಕಿಲೋಮೀಟರು. ಆದರೆ ಕಾಲು ಮತ್ತೆ ನಿಮಿಷಕ್ಕೆ ಸುಮಾರು 60 ಸುತ್ತಿನ ಹದಕ್ಕೆ ಬರುತ್ತದೆ. ಪೆಡಲಿನ ಮೇಲಿನ ಭಾರ 10 ಕಿಲೋಗೆ ಇಳಿಯುತ್ತದೆ. ಅಂದರೆ ಬಯಲಿನಲ್ಲಿ ಎಷ್ಟೋ ಅಷ್ಟೇ. ಗೇರಿನಿಂದ ಏರು ಮಾಯವಾಗುವುದಿಲ್ಲ; ಶ್ರಮವೂ ಉಳಿಯುವುದಿಲ್ಲ. ಗಡಿಯಾರದ ಪಾಲಿಗೆ ಏರು ಏರಾಗಿಯೇ ಇರುತ್ತದೆ, ಕಾಲಿನ ಪಾಲಿಗೆ ಮಾತ್ರ ಬಯಲಾಗುತ್ತದೆ. ಗೇರಿನ ಉಪಯೋಗವೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ. ಅದು ವೇಗಕ್ಕಾಗಿ ಇರುವ ಅಲಂಕಾರವಲ್ಲ; ಮಂಡಿಯನ್ನು ಕಾಪಾಡುವ ಸಾಧನ.

ಮಾನಾಪಮಾನದ ಪ್ರಶ್ನೆ

ಇಷ್ಟು ಸರಳವಾದ ಸಂಗತಿಯನ್ನು ಒಪ್ಪಿಕೊಳ್ಳಲು ಯುರೋಪಿನ ಜನಕ್ಕೂ ಬಹಳ ಕಾಲ ಬೇಕಾಯಿತೆಂದರೆ ಆಶ್ಚರ್ಯವಾಗಬಹುದು. ಫ್ರಾನ್ಸಿನ ಸೇಂತ್ ಏತಿಯೆನ್ ಬೆಟ್ಟಗಳ ನಡುವಿನ ಊರು. ಅಲ್ಲಿ ಪೋಲ್ ದ ವಿವಿ ಎಂಬ ವರ್ತಕನೊಬ್ಬನಿದ್ದನು; ಹುಟ್ಟಿದ್ದು 1853ರಲ್ಲಿ. 'ವೆಲೋಸಿಯೋ' ಎಂಬ ಹೆಸರಿನಿಂದ ಬರೆಯುತ್ತ, ಬೈಸಿಕಲ್ ಪತ್ರಿಕೆಯೊಂದನ್ನು ನಡೆಸುತ್ತ, 1930ರಲ್ಲಿ ಸಾಯುವವರೆಗೂ ಆತ ಸಾರಿದ ಮುಖ್ಯವಾದ ಮಾತು ಇದು: ಬೆಟ್ಟದ ಊರಿನ ಸವಾರನಿಗೆ ಒಂದಕ್ಕಿಂತ ಹೆಚ್ಚು ಗೇರು ಬೇಕು. 1902ರಲ್ಲಿ ಅಲ್ಲಿನ ಪ್ರವಾಸಿ ಸಂಘವೊಂದು ಪಿರನೀಸ್ ಪರ್ವತಗಳಲ್ಲಿ ಬೈಸಿಕಲ್ಲುಗಳ ಪರೀಕ್ಷೆಯನ್ನು ಏರ್ಪಡಿಸಿತು. ಆಗ ಮಾರ್ತ್ ಹೆಸ್ಸ್ ಎಂಬ ಮಹಿಳೆ ಮೂರು ಗೇರಿನ ಬೈಸಿಕಲ್ಲಿನಲ್ಲಿ, ಎಲ್ಲಿಯೂ ಇಳಿದು ತಳ್ಳದೆ, ಆ ಪರ್ವತದ ದಾರಿಯನ್ನು ಏರಿ ತೋರಿಸಿದರು.

ಇಷ್ಟಾದರೂ ಪಂದ್ಯಪ್ರಿಯರ ಮನಸ್ಸು ಕರಗಲಿಲ್ಲ. ಮರುವರ್ಷ, ಅಂದರೆ 1903ರಲ್ಲಿ, 'ಟೂರ್ ದ ಫ್ರಾನ್ಸ್' ಎಂಬ ಪ್ರಸಿದ್ಧ ಪಂದ್ಯವನ್ನು ಆರಂಭಿಸಿದ ಪತ್ರಿಕಾ ಸಂಪಾದಕ ಹಾನ್ರಿ ದೆಗ್ರಾಂಜ್‌ನ ಅಭಿಪ್ರಾಯದಲ್ಲಿ ಗೇರು ಬದಲಾಯಿಸುವುದು ನಲವತ್ತೈದು ದಾಟಿದವರ ಕೆಲಸ. ಗಂಡಸಾದವನು ಮಾಂಸಖಂಡದ ಬಲದಿಂದ ಗೆಲ್ಲಬೇಕು. ಹೀಗಾಗಿ ಎಷ್ಟೋ ವರ್ಷ ಪಂದ್ಯದ ಸವಾರರು ಹಿಂದಿನ ಚಕ್ರದ ಎರಡು ಕಡೆಗೂ ಬೇರೆ ಬೇರೆ ಹಲ್ಲುಚಕ್ರಗಳನ್ನು ಹಾಕಿಕೊಂಡು, ಬೆಟ್ಟದ ಬುಡದಲ್ಲಿ ಇಳಿದು, ಚಕ್ರವನ್ನೇ ಕಳಚಿ ತಿರುಗಿಸಿ ಜೋಡಿಸಿಕೊಳ್ಳುತ್ತಿದ್ದರು! ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರ್ ಎಂಬ ಸಲಕರಣೆಗೆ ಆ ಪಂದ್ಯದಲ್ಲಿ ಅನುಮತಿ ದೊರೆತುದು 1937ರಲ್ಲಿ.

ಈ ಅಭಿಮಾನ ಇಂದಿಗೂ ಸಂಪೂರ್ಣವಾಗಿ ಹೋಗಿಲ್ಲ. ಗೇರು ಇಳಿಸುವುದು ಸೋಲೆಂದು ಭಾವಿಸುವ ಹುಡುಗರು ಎಲ್ಲ ಬೀದಿಗಳಲ್ಲಿಯೂ ಇದ್ದಾರೆ. ಅಂಗಡಿಯಲ್ಲಿಯೂ ಕೊಳ್ಳುವವರು ಸಾಮಾನ್ಯವಾಗಿ ಕೇಳುವುದು "ಎಷ್ಟು ಸ್ಪೀಡು ಹೋಗುತ್ತೆ?" ಎಂದು. ಅತ್ಯಂತ ಹಗುರವಾದ ಗೇರು ಎಷ್ಟು ಅಂಗುಲವೆಂದು ಕೇಳುವವರು ಅಪರೂಪ. ದಿನನಿತ್ಯದ ಸವಾರನಿಗೆ ಮುಖ್ಯವಾದ ಪ್ರಶ್ನೆ ಎರಡನೆಯದು.

ಒಳಗಡೆಯ ಗೇರು, ಹೊರಗಡೆಯ ಗೇರು

ಗೇರು ಬದಲಾಯಿಸುವ ಏರ್ಪಾಡುಗಳಲ್ಲಿ ಎರಡು ಜಾತಿ. ಮೊದಲನೆಯದು ಹಿಂದಿನ ಚಕ್ರದ ನಡುವಿನ ಹಬ್ಬಿನೊಳಗೆ ಅಡಗಿರುವಂಥದು. ಸೂರ್ಯನ ಸುತ್ತ ಗ್ರಹಗಳು ಸುತ್ತುವಂತೆ, ಅಚ್ಚಿಗೆ ಅಂಟಿದ ಒಂದು ಹಲ್ಲುಚಕ್ರದ ಸುತ್ತ ಪುಟ್ಟ ಪುಟ್ಟ ಹಲ್ಲುಚಕ್ರಗಳು ಸುತ್ತುತ್ತವೆ. ಅವುಗಳನ್ನು ಆವರಿಸಿ ಹಲ್ಲುಳ್ಳ ಒಂದು ಬಳೆ. ಯಾವುದನ್ನು ತಿರುಗಿಸಿ ಯಾವುದರಿಂದ ಓಟವನ್ನು ಪಡೆಯುತ್ತೇವೆ ಎಂಬುದರ ಮೇಲೆ ಗೇರು ಹೆಚ್ಚುತ್ತದೆ ಅಥವಾ ಕುಗ್ಗುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಿಂದ ಬಂದ ಸ್ಟರ್ಮಿ ಆರ್ಚರ್ ಮೂರು ಗೇರಿನ ಹಬ್ಬು ಇದಕ್ಕೆ ಹೆಸರಾದುದು. 1936ರಲ್ಲಿ ಅವರು ಹೊರತಂದ 'ಏ ಡಬ್ಲ್ಯೂ' ಎಂಬ ಮಾದರಿಯಲ್ಲಿ ನಡುವಿನ ಗೇರು ನೇರ ಓಟದ್ದು. ಕೆಳಗಿನದು ಅದರ ಮುಕ್ಕಾಲು. ಮೇಲಿನದು ಅದಕ್ಕಿಂತ ಮೂರನೆಯ ಒಂದು ಪಾಲು ಹೆಚ್ಚು. ಆ ಕಂಪೆನಿ 2000ದಲ್ಲಿ ತೈವಾನಿನವರ ಕೈಸೇರಿತು.

ಒಳಗೇರಿನ ಗುಣಗಳು ಸಂಸಾರಸ್ಥರಿಗೆ ಬಹಳ ಒಪ್ಪುವಂಥವು. ಧೂಳು, ಮಳೆ, ಕೆಸರು ಒಳಗೆ ಹೋಗುವ ಭಯ ಕಡಮೆ. ಚೈನಿಗೆ ಪೂರ್ತಿ ಕವಚ ಹಾಕಬಹುದಾದುದರಿಂದ ಸೀರೆಯ ಸೆರಗು, ಪೈಜಾಮದ ಅಂಚು ಸಿಕ್ಕಿಕೊಳ್ಳದು. ಎಣ್ಣೆಯ ಕಲೆಯೂ ಇಲ್ಲ. ಸಿಗ್ನಲಿನಲ್ಲಿ ನಿಂತಾಗಲೂ ಗೇರು ಬದಲಾಯಿಸಬಹುದು. ದೋಷವೆಂದರೆ ಬೆಲೆ ಹೆಚ್ಚು, ತೂಕ ಹೆಚ್ಚು. ನಮ್ಮ ಊರಿನ ಅಂಗಡಿಗಳಲ್ಲಿ ಸುಲಭವಾಗಿ ದೊರೆಯುವುದಿಲ್ಲ. ಬಿಚ್ಚಿ ಸರಿಮಾಡಬಲ್ಲ ಮೆಕ್ಯಾನಿಕ್ಕುಗಳೂ ವಿರಳ.

ಎರಡನೆಯದು ಡಿರೇಲರ್, ಕಣ್ಣಿಗೆ ಕಾಣುವ ಹೊರಗೇರು. ಇಂದು "ಗೇರ್ ಸೈಕಲ್" ಎಂದು ಅಂಗಡಿಗಳಲ್ಲಿ ಮಾರುವುದು ಬಹುಮಟ್ಟಿಗೆ ಇದನ್ನೇ. ಹಗುರ, ಅಗ್ಗ, ಗೇರುಗಳ ಹರವು ವಿಶಾಲ. ಆದರೆ ಅದು ಆರೈಕೆ ಬೇಡುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಚೈನನ್ನು ಹಳೆಯ ಬಟ್ಟೆಯಿಂದ ಒರೆಸಿ ಎಣ್ಣೆ ಬಿಡಬೇಕು. ಸೈಕಲ್ಲು ಬಲಕ್ಕೆ ಬಿದ್ದರೆ ಡಿರೇಲರ್ ಬಾಗಬಹುದು. ಪೂರ್ತಿ ಚೈನ್ ಕವಚ ಹಾಕುವುದಕ್ಕಾಗುವುದಿಲ್ಲ.

ಇಪ್ಪತ್ತೊಂದರ ಗುಟ್ಟು

ಈಗ ಅಂಗಡಿಯಾತನ ಇಪ್ಪತ್ತೊಂದಕ್ಕೆ ಬರೋಣ. ಮುಂದೆ ಮೂರು ಹಲ್ಲುಚಕ್ರ, ಹಿಂದೆ ಏಳು, ಮೂರೇಳು ಇಪ್ಪತ್ತೊಂದು. ಲೆಕ್ಕ ಸುಳ್ಳಲ್ಲ. ಆದರೆ ಆ ಇಪ್ಪತ್ತೊಂದೂ ಬೇರೆ ಬೇರೆಯೇ? ಮುಂದೆ 42, 34, 24 ಹಲ್ಲು. ಹಿಂದೆ 14ರಿಂದ 28 ಹಲ್ಲಿನವರೆಗೆ ಏಳು ಚಕ್ರ. 26 ಅಂಗುಲದ ಗಾಲಿ. ಸಾಮಾನ್ಯವಾಗಿ ಕಾಣುವ ಇಂಥದೊಂದು ಸೈಕಲ್ಲಿನ ಲೆಕ್ಕ ಹಾಕಿ ನೋಡಿದರೆ ಗುಟ್ಟು ಬಯಲಾಗುತ್ತದೆ. 42ಕ್ಕೆ 28 ಜೋಡಿಸಿದರೆ 39 ಅಂಗುಲ. 24ಕ್ಕೆ 16 ಜೋಡಿಸಿದರೂ ಅದೇ 39 ಅಂಗುಲ! 42ಕ್ಕೆ 22, 34ಕ್ಕೆ 18, ಎರಡೂ ಸುಮಾರು 49 ಅಂಗುಲ. 42ಕ್ಕೆ 24, 34ಕ್ಕೆ 20, 24ಕ್ಕೆ 14, ಮೂರೂ 45ರ ಆಸುಪಾಸು. ಹೀಗೆ ಒಂದೇ ಗೇರು ಎರಡು ಮೂರು ವೇಷ ಹಾಕಿಕೊಂಡು ಬರುತ್ತದೆ. ನಿಜವಾಗಿ ಬೇರೆ ಬೇರೆಯಾದ ಗೇರುಗಳು ಹನ್ನೆರಡೋ ಹದಿಮೂರೋ ಇರಬಹುದು.

ಇದಲ್ಲದೆ, ಮುಂದಿನ ಅತಿ ದೊಡ್ಡ ಚಕ್ರಕ್ಕೂ ಹಿಂದಿನ ಅತಿ ದೊಡ್ಡ ಚಕ್ರಕ್ಕೂ ಒಟ್ಟಿಗೆ ಚೈನು ಹಾಕಿದರೆ, ಅಥವಾ ಎರಡು ಕಡೆಯೂ ಅತಿ ಚಿಕ್ಕದಕ್ಕೆ ಹಾಕಿದರೆ, ಚೈನು ಓರೆಯಾಗಿ ಎಳೆದು, ಕಿರಗುಟ್ಟಿ, ಬೇಗ ಸವೆಯುತ್ತದೆ. ಆ ಜೋಡಿಗಳನ್ನು ಬಳಸಬಾರದು. ಎರಡು ಸನ್ನೆಕೋಲುಗಳ ಈ ಗೊಂದಲ ಬಗೆಹರಿಯದೆ, ಎಷ್ಟೋ ಮಕ್ಕಳು ನಡುವಿನ ಒಂದು ಗೇರನ್ನು ಹಿಡಿದುಕೊಂಡು ಅದರಲ್ಲಿಯೇ ವರ್ಷವೆಲ್ಲ ತುಳಿಯುತ್ತಾರೆ. ಇಪ್ಪತ್ತೊಂದು ಗೇರಿಗೆ ಹಣ ಕೊಟ್ಟು ತಾತನಂತೆ ಒಂದೇ ಗೇರಿನಲ್ಲಿ ಹೋದಂತಾಯಿತು.

ಹಾಗೆಂದು ಆ ಸೈಕಲ್ಲನ್ನು ಹಳಿಯುವುದು ನ್ಯಾಯವಲ್ಲ. ಅದರ ಅತಿ ಹಗುರ ಗೇರು 24ಕ್ಕೆ 28, ಅಂದರೆ ಸುಮಾರು 22 ಅಂಗುಲ. ಮಡಿಕೇರಿಯಂಥ ಊರಿನಲ್ಲಿ, ಕ್ಯಾರಿಯರಿನ ಮೇಲೆ ಮೂಟೆಯಿಟ್ಟುಕೊಂಡು ಹೋಗುವವನಿಗೆ ಅದೊಂದು ವರವೇ. ಮೈಸೂರಿನ ಬಯಲಿನಿಂದ ಸುಮಾರು 300 ಮೀಟರು ಮೇಲಕ್ಕೆ ಚಾಮುಂಡಿಬೆಟ್ಟವನ್ನು ತುಳಿದೇ ಏರಬೇಕೆನ್ನುವವರಿಗೂ ಅದು ಬೇಕಾಗಬಹುದು. ದಿನವೂ ಕಾಲೇಜಿಗೆ ಹೋಗುವ ಹುಡುಗಿಗೆ ಅಷ್ಟು ಬೇಕೇ ಎಂಬುದು ಪ್ರಶ್ನೆ.

ಯಾರಿಗೆ ಯಾವುದು?

ಉತ್ತರ ಅಂಗಡಿಯಲ್ಲಿಲ್ಲ, ದಾರಿಯಲ್ಲಿದೆ. ಸೈಕಲ್ಲು ಕೊಳ್ಳುವ ಮೊದಲು, ದಿನವೂ ಹೋಗಬೇಕಾದ ದಾರಿಯನ್ನು ಒಮ್ಮೆ ನಡೆದು ಅಥವಾ ಯಾರದಾದರೂ ಸೈಕಲ್ಲಿನಲ್ಲಿ ಹೋಗಿ ನೋಡಬೇಕು. ಅದರಲ್ಲಿ ಅತ್ಯಂತ ಕಠಿಣವಾದ ಏರು ಯಾವುದು, ಎಷ್ಟು ಉದ್ದ ಎಂದು ಗುರುತಿಸಬೇಕು. ಬೆನ್ನಿನ ಚೀಲವೋ ಹಿಂದೆ ಕೂರುವ ಮಗುವೋ ಇದ್ದರೆ ಆ ಭಾರವನ್ನೂ ಸೇರಿಸಿಕೊಳ್ಳಬೇಕು. ಆ ಏರನ್ನು ಸೀಟಿನ ಮೇಲೆ ಕುಳಿತೇ ದಾಟಬಲ್ಲ ಗೇರು ಇದ್ದರೆ ಸಾಕು. ಉಳಿದುದೆಲ್ಲ ತಾನಾಗಿ ಸರಿಹೋಗುತ್ತದೆ.

ಊರು ಸಮತಟ್ಟಾಗಿದ್ದು, ಮೂರು ನಾಲ್ಕು ಕಿಲೋಮೀಟರು ಮಾತ್ರ ಓಡಾಟವಿದ್ದರೆ ಒಂಟಿ ಗೇರಿನ ಸೈಕಲ್ಲೇ ಉತ್ತಮ. ಆದರೆ 68 ಅಂಗುಲ ಬೇಡ. 56ರಿಂದ 62 ಅಂಗುಲ ಸಾಕು. ಇದಕ್ಕಾಗಿ ಹೊಸ ಸೈಕಲ್ಲು ಕೊಳ್ಳಬೇಕಾಗಿಲ್ಲ. ಹಳೆಯ ಕಪ್ಪು ಸೈಕಲ್ಲಿನ ಹಿಂದಿನ 18 ಹಲ್ಲಿನ ಫ್ರೀವೀಲನ್ನು ಬಿಚ್ಚಿಸಿ 20 ಅಥವಾ 22 ಹಲ್ಲಿನದನ್ನು ಹಾಕಿಸಿದರಾಯಿತು. 22 ಹಲ್ಲಿಗೆ ಚೈನು ಎರಡು ಕೊಂಡಿಯಷ್ಟು ಉದ್ದ ಬೇಕಾಗಬಹುದು. ಗೇರು 56 ಅಂಗುಲಕ್ಕೆ ಇಳಿಯುತ್ತದೆ. ಮುಂಚಿನ ಲೆಕ್ಕದ ಏರಿನಲ್ಲಿ ಪೆಡಲಿನ ಭಾರ 24 ಕಿಲೋದಿಂದ 20ಕ್ಕೆ ಬರುತ್ತದೆ. ಬಯಲಿನಲ್ಲಿ ನಷ್ಟವೇನು? ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 16 ಕಿಲೋಮೀಟರು. 70 ಸುತ್ತು ತುಳಿದರೆ ಸುಮಾರು 19. ನಾಲ್ಕು ಕಿಲೋಮೀಟರಿನ ದಾರಿಯಲ್ಲಿ ಎರಡು ಮೂರು ನಿಮಿಷದ ವ್ಯತ್ಯಾಸ. ಬೈಸಿಕಲ್ಲಿಗೆ ಮಾಡಿಸಬಹುದಾದ ಸುಧಾರಣೆಗಳಲ್ಲಿ ಇಷ್ಟು ಅಗ್ಗವಾಗಿ ಇಷ್ಟು ಸುಖ ಕೊಡುವುದು ಮತ್ತೊಂದಿಲ್ಲ.

ಒಳಗೇರಿನ ಮೂರು ಗೇರು ದೊರೆತವರೂ ಇದೇ ಉಪಾಯವನ್ನು ಅನುಸರಿಸಬೇಕು. 44ಕ್ಕೆ 18ನ್ನು ಹಾಗೆಯೇ ಬಿಟ್ಟರೆ ಮೇಲಿನ ಗೇರು 91 ಅಂಗುಲವಾಗುತ್ತದೆ. ಅದು ಪಂದ್ಯದವರಿಗೆ ಬೇಕಾದುದು, ಗುಮಾಸ್ತರಿಗಲ್ಲ. ಹಿಂದೆ 22 ಹಲ್ಲು ಹಾಕಿಸಿದರೆ 42, 56, 75 ಅಂಗುಲ ಬರುತ್ತದೆ. ಸಣ್ಣಪುಟ್ಟ ಏರುಗಳಿರುವ ಊರಿಗೆ ಮೂರೂ ಉಪಯೋಗಕ್ಕೆ ಬೀಳುತ್ತವೆ.

ಏರುತಗ್ಗುಗಳು ಹೆಚ್ಚಾಗಿರುವ ಬೆಂಗಳೂರು, ಮಂಗಳೂರುಗಳಂಥ ಊರಿನಲ್ಲಿ ನಿತ್ಯ ಸಂಚರಿಸುವವರು ಮುಂದೆ ಒಂದೇ ಹಲ್ಲುಚಕ್ರ, ಹಿಂದೆ ಏಳು ಅಥವಾ ಎಂಟು ಇರುವ ಸೈಕಲ್ಲನ್ನು ಹುಡುಕುವುದು ಒಳ್ಳೆಯದು. ಉದಾಹರಣೆಗೆ ಮುಂದೆ 36 ಹಲ್ಲು. ಹಿಂದೆ 14ರಿಂದ 34 ಹಲ್ಲಿನವರೆಗೆ ಏಳು ಚಕ್ರ. ಗಾಲಿ ಸುಮಾರು 27 ಅಂಗುಲ. ಅತಿ ಭಾರದ ಗೇರು 69 ಅಂಗುಲ, ಅತಿ ಹಗುರವಾದುದು 28 ಅಂಗುಲಕ್ಕೆ ಸ್ವಲ್ಪ ಮೇಲೆ. ತಾತನ ಬಯಲಿನ ಗೇರಿನಿಂದ ಹಿಡಿದು, ನೂರಕ್ಕೆ ಐದರ ಏರನ್ನು ಬಯಲಾಗಿಸುವ ಗೇರಿನವರೆಗೆ ಎಲ್ಲವೂ ಅದರಲ್ಲಿ ಬಂತು. ಒಂದೇ ಸನ್ನೆಕೋಲು, ಗೊಂದಲವಿಲ್ಲ. ಕೆಡುವ ಭಾಗಗಳೂ ಕಡಮೆ. ಹಿಂದಿನ ಅತಿ ದೊಡ್ಡ ಚಕ್ರದಲ್ಲಿ 28 ಹಲ್ಲಿದೆಯೋ 34 ಹಲ್ಲಿದೆಯೋ ಎಂದು ಎಣಿಸಿ ನೋಡಲು ಮಾತ್ರ ಮರೆಯಬಾರದು. ಏರಿನಲ್ಲಿ ಆ ಆರು ಹಲ್ಲುಗಳ ಬೆಲೆ ತಿಳಿಯುತ್ತದೆ.

ಬಳಸುವ ಬಗೆ

ಒಳ್ಳೆಯ ಗೇರು ಇದ್ದರೆ ಸಾಲದು. ಅದನ್ನು ಬಳಸಲು ತಿಳಿದಿರಬೇಕು. ಏರು ಕಣ್ಣಿಗೆ ಬಿದ್ದ ಕೂಡಲೇ, ಕಾಲು ಭಾರವಾಗುವ ಮೊದಲೇ, ಗೇರನ್ನು ಇಳಿಸಬೇಕು. ಏರಿನ ನಡುವೆ ಬಲವಾಗಿ ತುಳಿಯುತ್ತಿರುವಾಗ ಬದಲಾಯಿಸಿದರೆ ಚೈನು ಕಚ್ಚಿಕೊಳ್ಳುತ್ತದೆ, ಇಲ್ಲವೇ ಜಾರುತ್ತದೆ. ಡಿರೇಲರಿನಲ್ಲಿ ಗೇರು ಬದಲಾಯಿಸುವಾಗ ಪೆಡಲು ಸುತ್ತುತ್ತಿರಬೇಕು, ಆದರೆ ಹಗುರವಾಗಿ. ಸಿಗ್ನಲಿನಲ್ಲಿ ನಿಲ್ಲುವ ಮೊದಲೇ ಹಗುರ ಗೇರಿಗೆ ಬಂದಿದ್ದರೆ, ಹಸಿರು ದೀಪ ಬಂದಾಗ ವಾಹನಗಳ ನಡುವೆ ತಡವರಿಸದೆ ಹೊರಡಬಹುದು. ಇದರಲ್ಲಿ ಸುಖ ಮಾತ್ರವಲ್ಲ, ಕ್ಷೇಮವೂ ಇದೆ.

ಗೇರು ಸರಿಯಿದ್ದೂ ಮಂಡಿ ನೋಯುತ್ತಿದ್ದರೆ ಸೀಟಿನ ಎತ್ತರವನ್ನು ಪರೀಕ್ಷಿಸಬೇಕು. ಸೀಟಿನ ಮೇಲೆ ಕುಳಿತು ಹಿಮ್ಮಡಿಯನ್ನು ಕೆಳಗಿರುವ ಪೆಡಲಿನ ಮೇಲಿಟ್ಟಾಗ ಕಾಲು ಬಹುಮಟ್ಟಿಗೆ ನೇರವಾಗಬೇಕು. ಮಕ್ಕಳು ಬೆಳೆದಂತೆಲ್ಲ ಸೀಟೂ ಏರಬೇಕು. ತೀರ ತಗ್ಗಿದ ಸೀಟಿನ ಮೇಲೆ ಮಂಡಿಯನ್ನು ಎದೆಗೆ ತಾಗಿಸಿಕೊಂಡು ತುಳಿಯುವವರಿಗೆ ಯಾವ ಗೇರಿನಿಂದಲೂ ಪೂರ್ತಿ ಪ್ರಯೋಜನವಿಲ್ಲ.

ಅಂಗಡಿಯ ಆ ದೃಶ್ಯಕ್ಕೆ ಮರಳುವುದಾದರೆ, ತಾಯಿಯ ಪ್ರಶ್ನೆಯೇ ಎಲ್ಲಕ್ಕಿಂತ ಸರಿಯಾದುದು: "ಇಪ್ಪತ್ತೊಂದು ಯಾಕೆ?" ಅಂಗಡಿಯಾತ ಅದಕ್ಕೆ ಉತ್ತರ ಹುಡುಕುತ್ತಿರುವಷ್ಟರಲ್ಲಿ ತಂದೆ ಬೆಲೆಯ ಚೀಟಿಯನ್ನು ಬಿಟ್ಟು, ಮಗಳೊಡನೆ ಹಿಂದಿನ ಚಕ್ರದ ಬಳಿ ಕುಳಿತು ಹಲ್ಲುಗಳನ್ನು ಎಣಿಸಲಿ. ಪಕ್ಕದಲ್ಲಿಯೇ ಏಳು ಗೇರಿನದೊಂದು ನಿಂತಿದ್ದರೆ ಅದನ್ನೂ ಎಣಿಸಲಿ. ಐದು ನಿಮಿಷದ ಕೆಲಸ. ಕಾಗದದ ಚೂರೊಂದಿದ್ದರೆ ಸಾಕು.

ತಾತನಿಗೂ ಅಲ್ಲಿ ಒಂದು ಕೆಲಸವಿದೆ. ಮಂಡಿನೋವಿನ ದೆಸೆಯಿಂದ ಅವರು ಕೆಲವು ವರ್ಷದ ಹಿಂದೆ ಗೋಡೆಗೊರಗಿಸಿದ ಕಪ್ಪು ಸೈಕಲ್ಲು ಇನ್ನೂ ಮನೆಯಲ್ಲಿ ಇದ್ದೀತು. ಹೊರಡುವ ಮುನ್ನ ಅವರು ಅಂಗಡಿಯಾತನನ್ನು ಮೆಲ್ಲಗೆ ಕೇಳಲಿ: "ಇಪ್ಪತ್ತೆರಡು ಹಲ್ಲಿನ ಫ್ರೀವೀಲ್ ಇದೆಯೇನಪ್ಪಾ?" ಮಾರನೆಯ ಭಾನುವಾರ ಬೆಳಗ್ಗೆ, ರಸ್ತೆ ಬರಿದಾಗಿರುವಾಗ, ಆ ಬೀದಿಯಲ್ಲಿ ಎರಡು ಸೈಕಲ್ಲುಗಳು ಒಟ್ಟಿಗೆ ಹೊರಡಬಹುದು.